ನಾನು ಅಳಿಸಿದ ಕೈ

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಮಾತು ತೆಗೆದರೆ ನಾನು ನಕ್ಕು ಎದ್ದು ಹೋಗುವವರ ಪೈಕಿ. ಅಂಥ ಕತೆ ಹೇಳುವವರನ್ನು ಮುಖದೆದುರೇ ಗೇಲಿ ಮಾಡಿ ಬೈಸಿಕೊಂಡದ್ದೂ ಉಂಟು. ಈಗಲೂ ಅವನ್ನೆಲ್ಲ ನಂಬುತ್ತೇನೆ ಎನ್ನಲಾರೆ. ಆದರೆ ನಂಬುವುದಿಲ್ಲ ಎಂದು ಮೊದಲಿನಷ್ಟು ಗಟ್ಟಿಯಾಗಿ ಹೇಳಲು ಬಾಯಿ ಬರುವುದಿಲ್ಲ. ಯಾಕೆ ಅನ್ನುವುದನ್ನು ನಡೆದದ್ದು ನಡೆದ ಹಾಗೆ ಬರೆಯುತ್ತೇನೆ. ಓದಿ ನಗುವುದಾದರೆ ನಗಿ, ನನ್ನ ಅಡ್ಡಿಯಿಲ್ಲ.

ಎರಡು ಸಾವಿರದ ಆರೋ ಏಳೋ ಇಸವಿ. ಕುಮಟಾ ಪೇಟೆಯ ಒಂದು ಅಂಗಡಿಯ ಮಾಳಿಗೆಯಲ್ಲಿ ನಾವು ಮೂವರು ಕೂತು ವಿಡಿಯೋ ಗೇಮುಗಳಿಗೆ ಗೋಡೆ ಮಾಡುತ್ತಿದ್ದೆವು. ಗೇಮಿನೊಳಗಿನ ಮನೆ ಮೊದಲಿಗೆ ಬರೀ ಬೂದು ಬಣ್ಣದ ಡಬ್ಬಿ. ನಿಜವಾದ ಗೋಡೆಯ ಫೋಟೋ ತೆಗೆದು ಅದರ ಮೇಲೆ ಹೊದಿಸಿದಾಗಲೇ ಅದು ಮನೆಯಾಗುವುದು. ಹಾಗೆ ಹೊದಿಸುವ ಚಿತ್ರಕ್ಕೆ ಟೆಕ್ಸ್ಚರ್ ಎನ್ನುತ್ತಾರೆ. ಒಂದೇ ಚಿತ್ರವನ್ನು ಅಕ್ಕಪಕ್ಕ, ಮೇಲೆ ಕೆಳಗೆ ಜೋಡಿಸುತ್ತ ಹೋಗಿ ಇಡೀ ಊರಿನ ಗೋಡೆ ಎಬ್ಬಿಸಬೇಕು. ಅದರಲ್ಲಿ ಕಣ್ಣಿಗೆ ಹೊಡೆಯುವ ಒಂದು ಕಲೆ ಉಳಿದರೂ ಅದೇ ಕಲೆ ನೂರು ಕಡೆ ಕಂಡು ನಮ್ಮ ಬಣ್ಣ ಬಯಲಾಗುತ್ತದೆ. ಹಾಗಾಗಿ ಅಳಿಸುವುದೇ ನನ್ನ ಕೆಲಸದ ಮುಕ್ಕಾಲು ಪಾಲು. ನೆಂಟರು ಕೇಳಿದರೆ ನನ್ನ ಅಮ್ಮ, "ನಮ್ಮ ಕೂಸು ಕಂಪ್ಯೂಟರ್‌ನಲ್ಲಿ ಗೋಡೆ ಸಾರಸ್ತದೆ" ಎಂದು ಹೇಳಿ ನಗಿಸುತ್ತಿದ್ದಳು.

ಆ ಸಲ ಬಂದದ್ದು ಜನ ಬಿಟ್ಟುಹೋದ ಸಮುದ್ರದಂಡೆಯ ಒಂದು ಊರು ಮಾಡುವ ಕೆಲಸ. ನಡುವೆ ಒಂದು ಬಾವಿ, ಸುತ್ತ ಹದಿನೈದಿಪ್ಪತ್ತು ಮಣ್ಣಿನ ಮನೆ. ಮಾಳಿಗೆಯ ಯಜಮಾನರು ಭಟ್ಕಳದ ಇಲಿಯಾಸ್ ಭಾಯ್. ಕೆಲಸ ಕೊಟ್ಟ ಪರದೇಶದ ಕಂಪನಿಯವರು ಹೇಳಿದ್ದರಲ್ಲಿ ಒಂದು ಕಲ್ಲೂ ಹೆಚ್ಚುಕಡಿಮೆ ಆಗುವುದು ಅವರಿಗೆ ಸೇರದು. ಗೋಡೆಗಾಗಿ ನನ್ನನ್ನೇ ಕ್ಯಾಮೆರಾ ಕೊಟ್ಟು ಕಳಿಸಿದರು. ಬಿಸಿಲಿದ್ದರೆ ಫೋಟೋದಲ್ಲಿ ನೆರಳು ಕೂತು ಕೆಲಸ ಕೆಡುತ್ತದೆಂದು ಮೋಡದ ದಿನ ನೋಡಿ ಟೆಂಪೋ ಹತ್ತಿದೆ. ಧಾರೇಶ್ವರ, ಹೊನ್ನಾವರ ದಾಟಿ ಮಂಕಿಯಲ್ಲಿ ಇಳಿದು ತೋಟಗಳ ನಡುವೆ ನಡೆಯುವಾಗ ಬೇಕಾದಂಥದ್ದೇ ಗೋಡೆ ಸಿಕ್ಕಿತು. ಕೆಮ್ಮಣ್ಣು ಸಾರಿಸಿದ ಹಳೇ ಮಣ್ಣಿನ ಗೋಡೆ.

ಜಗಲಿಯಲ್ಲಿ ಬಸಳೆ ಕಟ್ಟುತ್ತಿದ್ದ ಹೆಂಗಸು ತಲೆ ಎತ್ತಿದಳು. ಐವತ್ತರ ಆಚೆಯ ವಯಸ್ಸು, ಹೆಸರು ಮಾದೇವಿ.

"ಎಂತಕ್ಕೆ ತಂಗಿ, ಗೋಡೆ ಪಟ ತಕ್ಕಂಡು ಎಂತ ಮಾಡ್ತೆ?"

ಹೇಳಿದೆ. ಅರ್ಥವಾದಂತೆ ಕಾಣಲಿಲ್ಲ, ಆದರೆ ಬೇಡವೆನ್ನಲಿಲ್ಲ. ಕ್ಯಾಮೆರಾ ಹಿಡಿದಾಗ ನನ್ನ ಸೊಂಟದೆತ್ತರದಲ್ಲಿ ಒಂದು ಪುಟ್ಟ ಬಿಳಿ ಕೈಗುರುತು ಕಂಡಿತು. ಹೆಬ್ಬೆರಳಿನ ಗುರುತು ಮಾತ್ರ ಪಕ್ಕಕ್ಕೆ ಎಳೆದುಹೋಗಿತ್ತು.

"ಅದು ನಮ್ಮ ಹುಡ್ಗಿ ಕೈ," ಎಂದಳು ಮಾದೇವಕ್ಕ. "ದೀಪಾವಳಿಗೆ ದನಕ್ಕೆ ಶೇಡಿ ಹಚ್ಚಿ, ಅದೇ ಕೈ ತಂದು ಗೋಡೆಗೆ ಬಡೀತು. ಹೊಸಾ ಗೋಡೆ ಹಾಳ್ ಮಾಡ್ತೆ ಅಂತ ನಾನೇ ಬೈದು ಎಳದೆ. ಅದ್ಕೇ ಹೆಬ್ಬೆಟ್ಟು ಹಂಗಾಗದೆ. ಮುಂದಿನ ಮಳೆಗಾಲದಲ್ಲಿ ಹುಡ್ಗಿ ಹೋತು."

ಶೇಡಿ ಎಂದರೆ ಬಿಳಿ ಮಣ್ಣು. ಪ್ರತಿವರ್ಷ ಗೋಡೆ ಸಾರಿಸುವಾಗ ಅವಳು ಆ ಕೈಯ ಸುತ್ತ ಬೆರಳಿನಿಂದಲೇ ಕೆಮ್ಮಣ್ಣು ಸವರುತ್ತಿದ್ದಳಂತೆ, ತಾಗದ ಹಾಗೆ. ಮಗಳ ಒಂದು ಫೋಟೋ ಕೂಡ ಮನೆಯಲ್ಲಿ ಇರಲಿಲ್ಲ.

ಮರುದಿನ ಮಾಳಿಗೆಯಲ್ಲಿ ಕೂತು ನಾನು ಆ ಕೈಯನ್ನು ಅಳಿಸಿದೆ. ಒಂದೊಂದೇ ಬೆರಳಿನ ಮೇಲೆ ಪಕ್ಕದ ಕೆಂಪು ಮಣ್ಣನ್ನು ತಂದು ಮುಚ್ಚಿದೆ. ಮನಸ್ಸಿಗೆ ಸ್ವಲ್ಪ ಕಸಿವಿಸಿಯಾದದ್ದು ನಿಜ, ಆದರೆ ಕೆಲಸ ಕೆಲಸವೇ. ಆಮೇಲೆ ನಮ್ಮ ಕಸುಬಿನವರು ಯಾರೂ ಮಾಡಬಾರದ ತಪ್ಪು ಮಾಡಿದೆ. ಬೇರೆ ಹೆಸರು ಕೊಡದೆ ಮೂಲ ಫೋಟೋದ ಮೇಲೆಯೇ ಸೇವ್ ಮಾಡಿಬಿಟ್ಟೆ. ಕ್ಯಾಮೆರಾದಲ್ಲಿದ್ದ ಫೋಟೋಗಳನ್ನೂ ಆಗಲೇ ಅಳಿಸಿಯಾಗಿತ್ತು. ಹೋಗಲಿ, ಕೈ ಹೇಗೂ ಬೇಡವಲ್ಲ ಎಂದುಕೊಂಡೆ.

ಮೂರು ದಿನದ ಮೇಲೆ ಮನೆಗಳಿಗೆಲ್ಲ ಗೋಡೆ ಹೊದಿಸಿ, ಮಧ್ಯಾಹ್ನ ಊಟ ಮಾಡಿ ಬಂದು, ಪರದೆಯ ಮೇಲಿನ ಆ ಊರಿನೊಳಗೆ ಒಂದು ಸುತ್ತು ಹೊರಟೆ. ಬಾವಿಯ ಹತ್ತಿರ ಬಂದಾಗ ಬಾವಿಕಟ್ಟೆಯ ಒಳಮೈಯಲ್ಲಿ, ನೀರಿನ ಕಡೆಗೆ, ಬಿಳಿ ಕೈ ಕಂಡಿತು. ಹೆಬ್ಬೆರಳು ಎಳೆದುಹೋಗಿತ್ತು.

ಓದುವವರು ಇದೊಂದನ್ನು ಗಮನಿಸಬೇಕು. ಇಡೀ ಊರಿಗೆ, ಬಾವಿಕಟ್ಟೆಗೂ ಸೇರಿ, ಹೊದಿಸಿದ್ದು ಅದೊಂದೇ ಚಿತ್ರ. ಅದರಲ್ಲಿ ಕೈ ಉಳಿದಿದ್ದರೆ ನೂರು ಕಡೆ ಕಾಣಬೇಕು. ಇಲ್ಲದಿದ್ದರೆ ಎಲ್ಲಿಯೂ ಕಾಣಬಾರದು. ಒಂದೇ ಕಡೆ ಕಾಣುವುದಕ್ಕೆ ದಾರಿಯೇ ಇಲ್ಲ. ಚಿತ್ರವನ್ನು ತೆರೆದು ನೋಡಿದೆ, ಬರೀ ಕೆಮ್ಮಣ್ಣು. ಇಲಿಯಾಸ್ ಭಾಯ್‌ಗೆ ತೋರಿಸಿದೆ. ಅವರು ನೋಡಿ, "ನನಗೆ ತಮಾಷೆ ಸೇರೂದಿಲ್ಲ ಮೇಡಂ, ತೆಗೀರಿ ಅದನ್ನ" ಎಂದರು. ತೆಗೆಯುವುದೆಲ್ಲಿಂದ? ತೆಗೆಯಲು ಚಿತ್ರದಲ್ಲಿ ಏನೂ ಇರಲಿಲ್ಲ.

ಗೋಡೆಯ ಫೋಟೋ ಇನ್ನೊಮ್ಮೆ ತೆಗೆದು ಹೊಸದಾಗಿ ಮಾಡೋಣವೆಂದು ಮಾರನೆಯ ಬೆಳಗ್ಗೆ ಮಂಕಿಗೆ ಹೋದೆ. ಮಾದೇವಕ್ಕ ಜಗಲಿಯಲ್ಲಿ ಗೋಡೆಗೆ ಮುಖಮಾಡಿ ಕೂತಿದ್ದಳು. ಗೋಡೆಯ ಮೇಲೆ ಕೈ ಇರಲಿಲ್ಲ. ಕೆರೆದ ಗುರುತಿಲ್ಲ, ತೊಳೆದ ಗುರುತಿಲ್ಲ. ಆ ಜಾಗದ ಕೆಮ್ಮಣ್ಣು ಉಳಿದ ಗೋಡೆಯಷ್ಟೇ ಹಳೆಯದಾಗಿತ್ತು.

"ನೀ ಬಂದು ಹೋದ ಮಾರ್ನೆ ದಿನವೇ ಹೋತು," ಎಂದಳು. ಸಿಟ್ಟು ಮಾಡಲಿಲ್ಲ, ಅಳಲೂ ಇಲ್ಲ. "ಎಲ್ಲಿ ಇಟ್ಟದ್ದೆ ಅದನ್ನ?"

ಸುಳ್ಳು ಹೇಳಲು ಆಗಲಿಲ್ಲ. ನಮ್ಮ ಮಾಳಿಗೆಯಲ್ಲಿ ಇದೆ ಎಂದೆ. ಅವಳು ಸೀರೆ ಬದಲಿಸಿ ಬಂದು ನನ್ನ ಜೊತೆ ಬಸ್ ಹತ್ತಿದಳು.

ಪರದೆಯ ಮುಂದೆ ಕೂರಿಸಿ ಊರಿನೊಳಗೆ ಕರೆದುಕೊಂಡು ಹೋದೆ. ಮನೆಗಳನ್ನು ಒಂದೊಂದಾಗಿ ನೋಡಿದಳು. ಬಾವಿ ಕಂಡದ್ದೇ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಬಾವಿ ಯಾರು ತೋಡ್ಸದ್ದು ಇಲ್ಲಿ?"

"ಆಟದ್ದು ಮಾದೇವಕ್ಕಾ. ನಿಜವಾದದ್ದಲ್ಲ."

"ನಮ್ಮ ಬಾವಿ ಮಣ್ಣು ಹಾಕಿ ಮುಚ್ಚಿ ಇಪ್ಪತ್ತು ವರ್ಷ ಆತು. ಹುಡ್ಗಿ ಹೋದ್ದು ಅದ್ರಲ್ಲೇ." ಪರದೆಯ ಮೇಲಿನ ಕೈಯನ್ನು ನೋಡುತ್ತ ಹೇಳಿದಳು. "ಮೇಲೆ ಹತ್ತೂಕೆ ನೋಡ್ತದೆ ತಂಗಿ ಅದು. ಅಲ್ಲಿಂದ ಎತ್ತು. ನಿನ್ನ ಕಾಲು ಹಿಡೀತೆ, ಅಲ್ಲಿಂದ ಎತ್ತು."

ಅವಳ ಮಗಳು ಬಾವಿಗೆ ಬಿದ್ದದ್ದು ನನಗೆ ಯಾರೂ ಹೇಳಿರಲಿಲ್ಲ. ಗೇಮಿನ ಆ ಊರಿನ ನಕ್ಷೆ, ಬಾವಿ ಸಮೇತ, ಬಂದದ್ದು ಸಮುದ್ರದಾಚೆಯಿಂದ. ಕೈಯನ್ನು ಎತ್ತಲು ನನ್ನಿಂದಾಗುತ್ತಿರಲಿಲ್ಲ, ಆದರೆ ಬಾವಿಯನ್ನು ತೆಗೆಯಲು ಆಗುತ್ತಿತ್ತು. ಇಲಿಯಾಸ್ ಭಾಯ್ ಬೇಡ ಬೇಡ ಎನ್ನುವಾಗಲೇ ಬಾವಿಯನ್ನು ಕಟ್ಟೆ ಸಮೇತ ಅಳಿಸಿ ನೆಲ ಮುಚ್ಚಿದೆ. ಮತ್ತೆ ಊರು ಸುತ್ತಿದೆವು. ಕೊನೆಯ ಮನೆಯ ಬಾಗಿಲ ಪಕ್ಕದಲ್ಲಿ, ಸೊಂಟದೆತ್ತರದಲ್ಲಿ, ಕೈ ಇತ್ತು.

ಮಾದೇವಕ್ಕ ಪರದೆಯ ಗಾಜಿಗೆ ಅಂಗೈ ಒತ್ತಿದಳು. "ಆತು," ಎಂದಳು. "ಮನೆ ಬಾಗ್ಲಲ್ಲಿ ಅದೆ. ಅಲ್ಲೇ ಇರ್ಲಿ." ಸಂಜೆಯ ಬಸ್ಸಿಗೆ ಹತ್ತಿಸಿ ಬಂದೆ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಕೆಲಸ ಕಳಿಸಿದ ಎರಡು ವಾರಕ್ಕೆ ಇಲಿಯಾಸ್ ಭಾಯ್ ನನ್ನನ್ನು ಕರೆದು ಕಂಪನಿಯವರ ಉತ್ತರ ತಿಳಿಸಿದರು. ಗೋಡೆಗಳು ಚೆನ್ನಾಗಿವೆಯಂತೆ. ಬಾವಿ ಬಿಟ್ಟುಹೋಗಿತ್ತಂತೆ, ಅದನ್ನು ಅವರೇ ಹಾಕಿಕೊಂಡರಂತೆ. ಕೈಯ ಸುದ್ದಿ ಅದರಲ್ಲಿ ಇರಲಿಲ್ಲ. ಇಲಿಯಾಸ್ ಭಾಯ್ ನನ್ನ ಮುಖ ನೋಡಲಿಲ್ಲ, ನಾನೂ ಅವರ ಮುಖ ನೋಡಲಿಲ್ಲ.

ಆ ಮಾಳಿಗೆ ಮುಚ್ಚಿ ಎಷ್ಟೋ ಕಾಲವಾಯಿತು. ನನ್ನ ಕಂಪ್ಯೂಟರ್ ಕೆಟ್ಟು ಅಟ್ಟ ಸೇರಿದೆ, ಎಸೆಯಲು ಧೈರ್ಯವಿಲ್ಲ. ಆ ಗೇಮನ್ನು ನಾನು ಆಡಿಲ್ಲ. ಆಡಿ ಬಾವಿಯ ಹತ್ತಿರ ಹೋಗಿ ನೋಡುವ ಎದೆ ನನಗಿಲ್ಲ. ಏನಾಯಿತು, ಹೇಗಾಯಿತು, ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತಿದ್ದವರು ಸಿಕ್ಕಿಲ್ಲ.

ದೀಪಾವಳಿಗೊಮ್ಮೆ ಮಂಕಿಗೆ ಹೋಗುತ್ತೇನೆ. ಮಾದೇವಕ್ಕ ಗೋಡೆ ಸಾರಿಸುವಾಗ ಒಂದು ಅಂಗೈಯಷ್ಟು ಜಾಗ ಈಗಲೂ ಬಿಡುತ್ತಾಳೆ. ಬೆಲ್ಲ ನೀರು ಕೊಟ್ಟು ಪ್ರತಿಸಲ ಅದನ್ನೇ ಕೇಳುತ್ತಾಳೆ.

"ನಮ್ಮ ಹುಡ್ಗಿ ಹೆಂಗದೆ ತಂಗಿ?"

"ಅಡ್ಡಿಲ್ಲ ಮಾದೇವಕ್ಕಾ," ಎನ್ನುತ್ತೇನೆ. "ಮನೆ ಬಾಗಿಲಲ್ಲೇ ಇದೆ."