ಪಿತ್ತ ಅಂತ ಹೇಳಿದವಳು ನಾನು

ಅಕ್ಕಾ, ನಿನಗೆ ಲಕ್ವಾ ಹೊಡೆಯುವ ಮೂರು ದಿನ ಮೊದಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಚ್ಚಿಟ್ಟೆ.

ಆರು ವರ್ಷ ಆಯಿತು. ಅಂದು ನನ್ನ ಮಗಳನ್ನು ನೋಡಲು ಮಟಕಿ ಊರಿನಿಂದ ಬೀಗರು ಬರುವವರಿದ್ದರು. ಕರಜಗಿಯ ನಮ್ಮ ಮನೆಯಲ್ಲಿ ಬೆಳಿಗ್ಗೆಯಿಂದ ನೀನೇ ರೊಟ್ಟಿ ಬಡಿಯುತ್ತಿದ್ದೆ — ನೆಗೆಣ್ಣಿಯ ಮಗಳು, ಮೈದುನನ ಮಗಳು ಎನ್ನದೆ, ನಿನ್ನದೇ ಮಗಳು ಅನ್ನುವ ಹಾಗೆ. ಒಮ್ಮೆಲೇ ನಿನ್ನ ಬಲಗೈ ನಿಂತಿತು. ಬಾಯಿ ಒಂದು ಕಡೆ ಸೊಟ್ಟಗಾಯಿತು. ನೀನು ಏನೋ ಹೇಳಹೋದೆ, ಮಾತು ತೊದಲಿತು. ಹತ್ತು ನಿಮಿಷಕ್ಕೆ ಎಲ್ಲ ಸರಿಹೋಯಿತು.

"ಏನಾತ ತಂಗಿ ಇದು? ದವಾಖಾನಿಗಿ ಹೋಗೂನೇನ?" ಎಂದು ನೀನು ಕೇಳಿದೆ.

ನಾನು ಆಶಾ ಕಾರ್ಯಕರ್ತೆ. ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ತಾನಾಗಿ ಸರಿಹೋದರೂ ಕಾಯಬಾರದು ಎಂದು ಅಫಜಲಪುರದ ತರಬೇತಿಯಲ್ಲಿ ಕೇಳಿ ಬಂದವಳು. ಆದರೆ ಮನೆಯಲ್ಲಿ ರೋಗ ಎಂದು ಬೀಗರು ಹಿಂದೆ ಸರಿದಾರು ಎಂದು ಹೆದರಿ —

"ಪಿತ್ತ ಆಗ್ಯಾದ ಅಕ್ಕಾ. ನಿಂಬಿಹಣ್ಣಿನ ಪಾನಕ ಕುಡಿ, ಅವರು ಬರೂ ಹೊತ್ತಾತು" ಎಂದೆ.

ನಾನು ಹೇಳಿದೆನೆಂದೇ ನೀನು ನಂಬಿದೆ. ಸಂಬಂಧ ಕೂಡಿತು. ಮೂರನೆಯ ದಿನ ನೀನು ಅಂಗಳದಲ್ಲಿ ಬಿದ್ದೆ.

"ಮೊದಲ ಏನರ ಲಕ್ಷಣ ಕಂಡಿತ್ತೇನ್ರಿ?" ಎಂದು ದವಾಖಾನೆಯಲ್ಲಿ ಡಾಕ್ಟರು ಕೇಳಿದಾಗ, ಎಲ್ಲರಿಗಿಂತ ಮೊದಲು ನಾನೇ "ಇಲ್ರಿ" ಎಂದೆ. ಮಾತು ಕಳೆದುಕೊಂಡ ನೀನು ಮಂಚದ ಮೇಲಿಂದ ನನ್ನನ್ನು ನೋಡುತ್ತಿದ್ದೆ. ಆ ಸುಳ್ಳು ಮೊದಲಿನದಕ್ಕಿಂತ ದೊಡ್ಡದು — ಅದನ್ನು ಹೇಳುವಾಗ ಯಾವ ಅವಸರವೂ ಇರಲಿಲ್ಲ.

ಹೋದ ತಿಂಗಳು ಮನೆಯವರೆಲ್ಲರೆದುರು ಬಾಯಿಬಿಟ್ಟೆ. ಭಾವ ಎದ್ದು ಹೊರಗೆ ಹೋದರು. ನೀನು ಮಾತ್ರ ಬಹಳ ಹೊತ್ತು ಅಕ್ಷರ ಕೂಡಿಸಿ, "ಊರಿಗೂ... ಹೇಳ್" ಎಂದೆ. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಈಗ ಊರಿನ ಪ್ರತಿ ಸಭೆಯಲ್ಲೂ ನಮ್ಮಿಬ್ಬರ ಹೆಸರು ಹಿಡಿದೇ ಇದನ್ನು ಹೇಳುತ್ತೇನೆ, ತಡವರಿಸದೆ. ಮೊನ್ನೆ ಒಬ್ಬ ಹೆಣ್ಣುಮಗಳು ಓಡಿ ಬಂದಳು: "ನಮ್ಮ ಮನೆಯವರ ಕೈ ಸೋತಿತ್ರಿ. ಈಗ ಆರಾಮ ಅದಾರ."

"ಆರಾಮ ಇದ್ದರೂ ನಡೀರಿ" ಎಂದು ಅವಳ ಗಂಡನನ್ನು ಗಾಡಿ ಹತ್ತಿಸಿದೆ. ಅಫಜಲಪುರದ ದವಾಖಾನೆ ಮುಟ್ಟಲು ಒಂದು ತಾಸೂ ಹಿಡಿಯಲಿಲ್ಲ.

ಅಂದೂ ದಾರಿ ಇಷ್ಟೇ ಇತ್ತು, ಅಕ್ಕಾ.