ನಲವತ್ತೊಂದು ದಿನ ಹೊರಗೆ

ನಾನು ಹುಟ್ಟಿದ್ದು ದಾರ್ ಎಸ್ ಸಲಾಮ್‌ನಲ್ಲಿ. ಅಪ್ಪ ಕುಂದಾಪುರದ ಕಡೆಯವರು. ಇಪ್ಪತ್ತರ ಹರೆಯದಲ್ಲಿ ಅಲ್ಲಿನ ಒಂದು ಕ್ಯಾಂಟೀನಿಗೆ ಅಡುಗೆಯವರಾಗಿ ಹೋದವರು ಮುಂದೆ ಸ್ವಂತಕ್ಕೆ ಮಸಾಲೆ ಸಾಮಾನಿನ ಅಂಗಡಿ ಇಟ್ಟರು. ಅಂಗಡಿಯ ಲೈಸೆನ್ಸಿಗೆ ಅನುಕೂಲವಾಗುತ್ತದೆ ಎಂದು ತಾಂಜಾನಿಯಾದ ಪೌರತ್ವ ತೆಗೆದುಕೊಂಡರು. ಹೀಗಾಗಿ ಮನೆಯೊಳಗೆ ಕನ್ನಡ, ಹೊರಗೆ ಸ್ವಾಹಿಲಿ ಮಾತಾಡಿಕೊಂಡು ಬೆಳೆದ ನಾನು ಕಾಗದದ ಮೇಲೆ ಆಫ್ರಿಕಾದವಳು. ಮದುವೆಯಾಗಿ ಪುಣೆಗೆ ಬಂದಾಗ ನನಗೆ ಇಪ್ಪತ್ತಾರು. ಗಂಡನ ಮನೆಯವರೂ ನಮ್ಮ ಕರಾವಳಿಯವರೇ, ಎರಡು ತಲೆಮಾರಿನಿಂದ ನಿಗಡಿಯಲ್ಲಿ ಹೋಟೆಲು ನಡೆಸುತ್ತಿದ್ದರು. ಮಾವ ತೀರಿಹೋದ ಮೇಲೆ ಅಡುಗೆಮನೆ ಗಂಡನದ್ದು, ಕೌಂಟರು ನನ್ನದು ಎಂದಾಯಿತು.

ಭಾರತೀಯ ಮೂಲದವರಿಗೆ ಸರಕಾರ ಕೊಡುವ ಕಾರ್ಡು ನನ್ನ ಹತ್ತಿರ ಇತ್ತು. ಅದಿದ್ದರೆ ಇಲ್ಲಿ ಜೀವಮಾನವಿಡೀ ಇರಬಹುದು, ದುಡಿಯಬಹುದು, ಹೋಗಿ ಬರಬಹುದು. ವೋಟು ಹಾಕುವಂತಿಲ್ಲ. ಮೊದಲ ಕೆಲವು ವರ್ಷ ಅದು ನನಗೊಂದು ಕೊರತೆ ಅನ್ನಿಸಿರಲೇ ಇಲ್ಲ.

ಆರನೆಯ ವರ್ಷದ ಮಳೆಗಾಲದಲ್ಲಿ ನಮ್ಮ ರಸ್ತೆಯ ಚರಂಡಿ ಕಟ್ಟಿಕೊಂಡು ಕೊಳಕು ನೀರು ಹೋಟೆಲಿನ ಮೆಟ್ಟಿಲವರೆಗೆ ಬರತೊಡಗಿತು. ಗಂಡ ನಾಲ್ಕು ಜನರೆದುರು ಮಾತಾಡಲು ಹಿಂಜರಿಯುವ ಮನುಷ್ಯ. ಬೀದಿಯ ಏಳೆಂಟು ಅಂಗಡಿಯವರನ್ನು ಕಟ್ಟಿಕೊಂಡು ಮೊದಲು ವಾರ್ಡ್ ಆಫೀಸಿಗೆ, ಆಮೇಲೆ ಆ ಭಾಗದ ಪುಢಾರಿಯೊಬ್ಬರ ಕಚೇರಿಗೆ ಹೋದವಳು ನಾನೇ. ಅಷ್ಟು ಹೊತ್ತಿಗೆ ನನ್ನ ಮರಾಠಿ ಜಗಳಕ್ಕೆ ಸಾಕಾಗುವಷ್ಟು ಬಲಿತಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಅಲ್ಲಿನ ಒಬ್ಬ, ಮೇಜಿನ ಮೇಲಿದ್ದ ಮತದಾರರ ಪಟ್ಟಿಯ ಮೇಲೆ ಕೈಯಿಟ್ಟು, "ತಾಈ, ತುಮ್ಚಂ ನಾವ್ ಯಾದೀತ್ ಆಹೇ ಕಾ?" ಎಂದ. ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯಾ ಎಂದು ಅವನ ಪ್ರಶ್ನೆ. ಇಲ್ಲ ಎಂದೆ. ಅವನು ನನ್ನ ಪಕ್ಕದಲ್ಲಿದ್ದ ಟೈಲರನ ಕಡೆಗೆ ತಿರುಗಿ ಮಾತು ಮುಂದುವರಿಸಿದ. ಒರಟಾಗಿ ಒಂದು ಶಬ್ದವನ್ನೂ ಆಡಲಿಲ್ಲ. ಆಮೇಲೆ ನನ್ನತ್ತ ನೋಡಲಿಲ್ಲ, ಅಷ್ಟೆ. ಚರಂಡಿ ಮರುವಾರವೇ ದುರಸ್ತಿಯಾಯಿತು. ನನ್ನ ಸಿಟ್ಟು ಇಳಿಯಲಿಲ್ಲ.

ಪೌರತ್ವಕ್ಕೆ ಅರ್ಜಿ ಹಾಕುತ್ತೇನೆ ಎಂದು ನಾನು ಹೇಳಿದಾಗ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಕಾರ್ಡು ಉಂಟಲ್ಲ, ಇನ್ನೆಂತಕ್ಕೆ ಎಂದು ಗಂಡ. ಖರಾಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಅವರ ತಂಗಿ ಊಟಕ್ಕೆ ಬಂದಾಗ ನಕ್ಕಳು. ಅವಳೂ ಅವಳ ಗಂಡನೂ ಕೆನಡಾಕ್ಕೆ ಹೊರಡುವ ತಯಾರಿಯಲ್ಲಿದ್ದರು. ಅಲ್ಲಿ ಎಷ್ಟು ದಿನ ವಾಸ ಮಾಡಿದರೆ ಪಾಸ್‌ಪೋರ್ಟ್ ಸಿಗುತ್ತದೆ ಎಂಬುದು ಅವಳಿಗೆ ಬಾಯಿಪಾಠ. ಎಲ್ಲರೂ ಆ ಕಡೆ ಓಡುವಾಗ ಅತ್ತಿಗೆಗೆ ಈ ಕಡೆಯದ್ದು ಬೇಕಂತೆ ಎಂದಳು. ನಿನಗೆ ಅಲ್ಲಿಯದು ಬೇಕು, ನನಗೆ ಇಲ್ಲಿಯದು ಬೇಕು, ಇದರಲ್ಲಿ ನಗುವಂಥದ್ದೇನಿದೆ ಎಂದು ಕೇಳಿದೆ. ಅವಳು ಸಾರು ಬಡಿಸಿಕೊಂಡಳು.

ನಿಯಮ ವಿಚಾರಿಸಲು ಪುಣೆಯ ಕ್ಯಾಂಪ್ ಬಡಾವಣೆಯಲ್ಲಿದ್ದ ಒಬ್ಬ ಏಜೆಂಟರ ಬಳಿ ಹೋದೆ. ಭಾರತೀಯನ ಹೆಂಡತಿಯಾದವಳು ಒಟ್ಟು ಏಳು ವರ್ಷ ಇಲ್ಲಿ ವಾಸ ಮಾಡಿರಬೇಕು. ಹಿಂದಿನ ವರ್ಷಗಳಲ್ಲಿ ಅಷ್ಟಿಷ್ಟು ಹೋಗಿಬಂದರೆ ನಡೆಯುತ್ತದೆ. ಆದರೆ ಅರ್ಜಿ ಹಾಕುವ ದಿನಕ್ಕೆ ಮುಂಚಿನ ಹನ್ನೆರಡು ತಿಂಗಳು ಮಾತ್ರ ಎಡೆಬಿಡದೆ ಇಲ್ಲೇ ಇರಬೇಕು. ತೀರಾ ದೊಡ್ಡ ಕಾರಣವಿದ್ದರೆ ಮೂವತ್ತು ದಿನದವರೆಗೆ ಸರಕಾರ ವಿನಾಯಿತಿ ಕೊಡಬಹುದು, ಅದಕ್ಕಿಂತ ಒಂದು ದಿನ ಹೆಚ್ಚಾದರೂ ಮತ್ತೆ ಮೊದಲಿನಿಂದ ಎಣಿಸಬೇಕು ಎಂದರು ಅವರು.

ಹಾಗೆ ಎಣಿಸತೊಡಗಿ ಒಂಬತ್ತು ತಿಂಗಳು ಕಳೆದಿದ್ದವು. ಒಂದು ಮಧ್ಯಾಹ್ನ ಊಟದ ಗಿರಾಕಿಗಳ ಗಲಾಟೆಯ ನಡುವೆ ದಾರ್‌ನಿಂದ ಫೋನು ಬಂತು. ಅಪ್ಪನ ಅಂಗಡಿಯ ಪಾಲುದಾರರು ಮಾತಾಡಿದರು. ಗೋಣಿ ಇಳಿಸುವಾಗ ಅಪ್ಪ ಕಾಲುಜಾರಿ ಬಿದ್ದಿದ್ದಾರೆ, ಸೊಂಟದ ಮೂಳೆ ಮುರಿದಿದೆ, ನಾಳೆ ಆಪರೇಶನ್. ಅಮ್ಮ ತೀರಿಹೋಗಿ ಐದು ವರ್ಷವಾಗಿತ್ತು. ನಾನು ಒಬ್ಬಳೇ ಮಗಳು.

ಗಂಡ ಬೇಡ ಅನ್ನಲಿಲ್ಲ. ಆದರೆ ಅವರು ಮನಸ್ಸಿನಲ್ಲಿ ತಿಂಗಳು ಎಣಿಸುತ್ತಿದ್ದುದು ಮುಖದಲ್ಲಿ ಕಾಣುತ್ತಿತ್ತು. ಇನ್ನು ಮೂರೇ ತಿಂಗಳು ಇತ್ತಲ್ಲ ಎಂದು ಎರಡು ಸಲ ಹೇಳಿದರು. ಕಾಯಿ ತುರಿಯುತ್ತಿದ್ದ ಅತ್ತೆ ತಲೆಯೆತ್ತಿ ಮಗನನ್ನು ನೋಡಿದರು.

"ಸರಕಾರಕ್ಕೆ ಅಪ್ಪ ಇಲ್ಲ ಮಾರಾಯ, ಇವಳಿಗೆ ಇದ್ದಾರೆ. ಟಿಕೆಟ್ ಮಾಡು," ಎಂದರು.

ಆಪರೇಶನ್ ಸರಿಯಾಗಿಯೇ ಆಗಿತ್ತು. ಆದರೆ ಐದನೆಯ ದಿನ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು. ಅಪ್ಪ ಮಲಗಿದಲ್ಲೇ ಸ್ವಾಹಿಲಿಯಲ್ಲಿ ಯಾರೊಡನೆಯೋ ಲವಂಗದ ದರ ಚೌಕಾಸಿ ಮಾಡುತ್ತಿದ್ದರು. ನನ್ನನ್ನು ಅಮ್ಮನ ಹೆಸರಿನಿಂದ ಕರೆದರು. ಎರಡು ವಾರ ಹಾಗೇ ಹೋಯಿತು. ಮೂರನೆಯ ವಾರ ಜ್ವರ ಇಳಿದು ನನ್ನ ಗುರುತು ಹತ್ತಿತು. ಆಮೇಲೆ ಶುರುವಾದದ್ದು ನಡೆಸುವ ಕೆಲಸ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ವಾಕರ್ ಹಿಡಿಸಿ ಎಬ್ಬಿಸಬೇಕು. ನರ್ಸ್ ಎಬ್ಬಿಸಲು ಬಂದರೆ ಬೈದು ಕಳಿಸುತ್ತಿದ್ದರು, ನಾನು ಬೈದರೆ ಏಳುತ್ತಿದ್ದರು. ಮಂಚದಿಂದ ಕಿಟಕಿಯವರೆಗೆ ಹೋಗುವಷ್ಟರಲ್ಲಿ ಬೆವರು ಬಿಡುತ್ತಿತ್ತು.

ಇಪ್ಪತ್ತಾರನೆಯ ದಿನ ಗಂಡ ಫೋನು ಮಾಡಿದರು. ಏಜೆಂಟರನ್ನು ಕೇಳಿದ್ದಾರೆ, ಮೂವತ್ತರ ಒಳಗೆ ಬಂದರೆ ಆಸ್ಪತ್ರೆಯ ಕಾಗದ ತೋರಿಸಿ ವಿನಾಯಿತಿ ಕೇಳಬಹುದು. ಇಪ್ಪತ್ತೊಂಬತ್ತನೆಯ ದಿನಕ್ಕೆ ಟಿಕೆಟ್ ಸಿಗುತ್ತದೆ.

"ಈಗ ಹುಷಾರಾಗಿದ್ದಾರಲ್ಲ. ಜೀವಕ್ಕೆ ಅಪಾಯ ಇಲ್ಲ ಅಂತ ನೀನೇ ಹೇಳಿದೆ."

"ಅಪಾಯ ಇಲ್ಲ," ಎಂದೆ. "ಆದರೆ ಇನ್ನೂ ಬಚ್ಚಲಿಗೆ ಹೋಗ್ಲಿಕ್ಕೆ ಆಗ್ತಾ ಇಲ್ಲ. ನಾನು ಬರುವುದಿಲ್ಲ."

ಸರಿ, ಟಿಕೆಟ್ ಬೇಡ ಎನ್ನುತ್ತೇನೆ ಎಂದು ಅವರು ಫೋನು ಇಟ್ಟರು.

ಈ ಮಾತು ಅಪ್ಪನ ಕಿವಿಗೆ ಬಿತ್ತು. ತಮ್ಮಿಂದಾಗಿ ಮಗಳ ಪೌರತ್ವ ಹೋಗುತ್ತಿದೆ ಎಂದು ಗೊತ್ತಾದಾಗ ಅವರಿಗೆ ಬಂದ ಕೋಪವನ್ನು ನಾನು ಚಿಕ್ಕಂದಿನಲ್ಲೂ ಕಂಡಿರಲಿಲ್ಲ. ನಾನು ಸಾಯುತ್ತೇನೆ ಅಂತ ಕೂತಿದ್ದೀಯಾ, ಸಾಯುವುದಿಲ್ಲ, ಹೊರಡು ಎಂದರು. ನೀವು ಸಾಯಲಿ ಅಂತ ಅಲ್ಲ, ನಡೆಯಲಿ ಅಂತ ಕೂತಿದ್ದೇನೆ ಎಂದೆ. ಆ ದಿನವಿಡೀ ಅವರು ನನ್ನೊಡನೆ ಮಾತು ಬಿಟ್ಟರು, ಆದರೆ ಸಂಜೆ ಸಿಟ್ಟಿನಲ್ಲೇ ಬಾಗಿಲವರೆಗೆ ನಡೆದರು.

ನಾನು ಪುಣೆಗೆ ಮರಳಿದ್ದು ನಲವತ್ತೊಂದನೆಯ ದಿನ. ಅಪ್ಪ ಕೋಲು ಹಿಡಿದು ಮೆಟ್ಟಿಲಿಳಿದು ಅಂಗಡಿಯಲ್ಲಿ ಕೂತದ್ದನ್ನು ನೋಡಿಯೇ ವಿಮಾನ ಹತ್ತಿದ್ದೆ.

ಊರವರ ಮಾತು ವಿಚಿತ್ರವಾಗಿತ್ತು. ಅಪ್ಪ ತೀರಿಕೊಂಡಿದ್ದರೆ ಎಲ್ಲರೂ ಪಾಪ ಎನ್ನುತ್ತಿದ್ದರೇನೋ. ಬದುಕಿದರು ಎಂದಾಗ, ಹಾಗಾದರೆ ಸುಮ್ಮನೆ ಹೋಯಿತಲ್ಲ ಒಂಬತ್ತು ತಿಂಗಳು ಎಂದರು. ಕೆನಡಾದ ತಯಾರಿಯಲ್ಲಿದ್ದ ನಾದಿನಿ ಹಾಗೆಂದಳು, ನಮ್ಮ ಹೋಟೆಲಿಗೆ ತರಕಾರಿ ಹಾಕುವವರೂ ಹಾಗೆಂದರು. ಅಪ್ಪ ಬದುಕಿದ್ದು ನಷ್ಟದ ಲೆಕ್ಕಕ್ಕೆ ಹೇಗೆ ಸೇರುತ್ತದೆ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.

ಏಜೆಂಟರು ಒಂದು ಉಪಾಯ ಹೇಳಿದರು. ಪಾಸ್‌ಪೋರ್ಟ್ ಕಳೆದುಹೋಗಿದೆ ಎಂದು ಪೊಲೀಸರಿಗೆ ದೂರು ಕೊಡಬೇಕು, ಹೊಸದು ಮಾಡಿಸಬೇಕು. ಹೊಸದರಲ್ಲಿ ಹೋಗಿಬಂದ ಮುದ್ರೆ ಇರುವುದಿಲ್ಲ. ನಲವತ್ತೊಂದು ದಿನ ಬಾಯಿಬಿಟ್ಟು ಹೇಳದಿದ್ದರೆ ಆಯಿತು, ಯಾರು ಹಳೆಯದನ್ನು ಹುಡುಕಿಕೊಂಡು ಕೂರುತ್ತಾರೆ ಎಂದರು. ತಪ್ಪು ಮಾಡಿಸುತ್ತಿದ್ದೇನೆ ಎಂಬ ಭಾವ ಅವರಲ್ಲಿ ಇರಲಿಲ್ಲ, ನನಗೆ ಉಪಕಾರ ಮಾಡುವ ಧಾಟಿಯಲ್ಲೇ ಹೇಳಿದರು. ಗಂಡ ನನ್ನ ಮುಖ ನೋಡಿದರು. ಅವರಿಗೆ ಅದು ಒಪ್ಪಿಗೆಯಾಗಿತ್ತು ಎಂದು ನನಗೆ ಗೊತ್ತು. ನಾನು ಪಾಸ್‌ಪೋರ್ಟನ್ನು ಮೇಜಿನಿಂದ ಎತ್ತಿಕೊಂಡೆ. ಅಪ್ಪನ ಹತ್ತಿರ ಇದ್ದದ್ದನ್ನು ನಾನು ಮುಚ್ಚಿಡುವುದಿಲ್ಲ, ಅದನ್ನು ಮುಚ್ಚಿಟ್ಟು ಸಿಗುವ ಪೌರತ್ವ ನನಗೆ ಬೇಡ, ಮೊದಲಿನಿಂದ ಎಣಿಸುತ್ತೇನೆ ಎಂದೆ. ಏಜೆಂಟರಿಗೆ ಕೊಡಬೇಕಾದದ್ದನ್ನು ಕೊಟ್ಟು ಎದ್ದುಬಂದೆವು. ಆಮೇಲೆ ಫಾರಮ್ಮುಗಳನ್ನು ನಾನೇ ತುಂಬಿದೆ. ದಾರಿಯಲ್ಲಿ ಗಂಡ ಸ್ಕೂಟರ್ ಓಡಿಸುತ್ತಾ, ನಿನ್ನ ಹಟಕ್ಕೆ ಔಷಧ ಇಲ್ಲ ಎಂದರು. ಇಲ್ಲ ಎಂದೆ.

ಎರಡನೆಯ ಹನ್ನೆರಡು ತಿಂಗಳನ್ನು ನಾನು ಹಲ್ಲು ಕಚ್ಚಿ ಕಳೆದೆ. ಅತ್ತೆಗೆ ಪಶುಪತಿನಾಥನನ್ನು ನೋಡುವ ಆಸೆ ಬಹಳ ವರ್ಷದ್ದು. ಅತ್ತೆ, ಗಂಡ, ಸಂಬಂಧಿಕರೆಲ್ಲ ಬಸ್ ಮಾಡಿಕೊಂಡು ಹೊರಟರು. ಅವರಿಗೆಲ್ಲ ನೇಪಾಳವೆಂದರೆ ಪಾಸ್‌ಪೋರ್ಟೂ ಬೇಡದ ಜಾಗ. ನನಗೆ ಮಾತ್ರ ಅದು ಹೊರದೇಶ. ಹತ್ತು ದಿನ ನಾನೊಬ್ಬಳೇ ಹೋಟೆಲು ನೋಡಿಕೊಂಡೆ. ಬಾಣಲೆಯ ಮುಂದೆ ನಿಂತು ವಡೆ ಕರಿದದ್ದೂ ಉಂಟು.

ಹತ್ತನೆಯ ತಿಂಗಳಲ್ಲಿ ಅಪ್ಪ ತಾವೇ ಬಂದರು. ನೀನು ಬರುವ ಹಾಗಿಲ್ಲ, ನಾನು ಬರಬಹುದಲ್ಲ ಎಂದು ವೀಸಾ ಮಾಡಿಸಿಕೊಂಡು, ಕೋಲು ಹಿಡಿದು ಮುಂಬಯಿಯಲ್ಲಿ ಇಳಿದರು. ಮೂರು ತಿಂಗಳು ನಮ್ಮಲ್ಲಿದ್ದರು. ಬೆಳಿಗ್ಗೆ ಹೋಟೆಲಿನ ಮೂಲೆಯ ಮೇಜಿನಲ್ಲಿ ಕೂತು ಸಾಂಬಾರಿನ ಪುಡಿಯ ಬಗ್ಗೆ ಅಳಿಯನಿಗೆ ಸಲಹೆ ಕೊಡುವುದು ಅವರ ಕೆಲಸ. ಅಳಿಯ ಒಂದನ್ನೂ ಪಾಲಿಸಲಿಲ್ಲ.

ಹನ್ನೆರಡು ತಿಂಗಳು ತುಂಬಿದ ಮರುದಿನವೇ ಅರ್ಜಿ ಹಾಕಿದೆ. ಕೆಲವು ವಾರಗಳಲ್ಲಿ ಪೊಲೀಸ್ ವಿಚಾರಣೆಗೆಂದು ಒಬ್ಬ ಹವಾಲ್ದಾರರು ಮನೆಗೆ ಬಂದರು. ಮರಾಠಿಯಲ್ಲಿ ಶುರುಮಾಡಿದವರು, ಅತ್ತೆ ಒಳಗಿನಿಂದ ಏನೋ ಕೇಳಿದ್ದು ಕಿವಿಗೆ ಬಿದ್ದದ್ದೇ ಕನ್ನಡಕ್ಕೆ ಬಂದರು. ಅವರ ಊರು ಕರ್ನಾಟಕದ ಗಡಿಯ ಕಡೆ, ಜತ್ತದ ಹತ್ತಿರ. ನಾನು ನಿಜವಾಗಿ ಈ ಮನೆಯಲ್ಲೇ ವಾಸವಿದ್ದೇನೆಯೇ ಎಂದು ಅಕ್ಕಪಕ್ಕದವರನ್ನು ಕೇಳಬೇಕಿತ್ತು. ಮೇಲಿನ ಮನೆಯ ಮರಾಠಿ ಹೆಂಗಸೊಬ್ಬರು, ದಿನಾ ಬೆಳಿಗ್ಗೆ ನೀರಿನ ಪಂಪಿನ ವಿಷಯಕ್ಕೆ ನನ್ನೊಡನೆ ಜಗಳವಾಡುತ್ತಾಳೆ, ಇಲ್ಲಿರದೆ ಎಲ್ಲಿರುತ್ತಾಳೆ ಎಂದು ಹೇಳಿಕೆ ಕೊಟ್ಟರು. ಅದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಗುತ್ತಿರಲಿಲ್ಲ.

ಹವಾಲ್ದಾರರು ಕುರ್ಚಿಯಲ್ಲಿ ಕೂತಿದ್ದ ಅಪ್ಪನ ಕಡೆ ನೋಡಿದರು. "ಇವ್ರು ಯಾರ್ರಿ?"

"ಅಪ್ಪ. ತಾಂಜಾನಿಯಾದಿಂದ ಬಂದಿದ್ದಾರೆ," ಎಂದೆ.

"ಕನ್ನಡ ಬರ್ತದೇನ್ರಿ?"

"ಕುಂದಾಪುರದವನಿಗೆ ಕನ್ನಡ ಬಾರದೆ ಇರ್ತದಾ?" ಎಂದರು ಅಪ್ಪ.

"ಮತ್ತ ವಿದೇಶಿ ಅಂತ ಹ್ಯಾಂಗ ಬರಕೊಳ್ಳಲ್ರಿ ನಾನು?"

"ಬರ್ಕೊಳ್ಳಿ. ನಾನು ಆಗಿನ ಕಾಲದಲ್ಲಿ ಅಂಗಡಿಗೋಸ್ಕರ ಬಿಟ್ಟೆ. ಇವಳು ಈಗ ಅದನ್ನು ವಾಪಸ್ ತಗೊಳ್ತಾಳೆ. ಇವಳನ್ನು ತಡೆಯಬೇಡಿ, ತಡೆದರೂ ಪ್ರಯೋಜನ ಇಲ್ಲ."

ಹವಾಲ್ದಾರರು ನಕ್ಕರು. ಭಾಳ ಗಟ್ಟಿ ಮನಷ್ಯಾರು ಎಂದು ನನಗೆ ಹೇಳಿ, ಎರಡನೆಯ ಲೋಟ ಚಹಾ ಕುಡಿದು ಹೋದರು.

ಅಪ್ಪ ದಾರ್‌ಗೆ ವಾಪಸು ಹೋದ ಮೇಲೆ ಕಲೆಕ್ಟರ್ ಕಚೇರಿಯಿಂದ ಕರೆ ಬಂತು. ಎದುರಿಗಿದ್ದ ಅಧಿಕಾರಿ ನನಗಿಂತ ಚಿಕ್ಕ ಹೆಣ್ಣುಮಗಳು. ಪಾಸ್‌ಪೋರ್ಟಿನ ಹಾಳೆಗಳನ್ನು ಒಂದೊಂದಾಗಿ ತಿರುವಿ, ಆ ಹಳೆಯ ಮುದ್ರೆಗಳ ಹತ್ತಿರ ನಿಲ್ಲಿಸಿದರು. ನಲವತ್ತೊಂದು ದಿನ ಏಕೆ ಹೊರಗಿದ್ದಿರಿ ಎಂದು ಮರಾಠಿಯಲ್ಲಿ ಕೇಳಿದರು. ಅಪ್ಪನ ಸೊಂಟ ಮುರಿದಿತ್ತು ಎಂದೆ. ಮೂವತ್ತು ದಿನದ ನಿಯಮ ಗೊತ್ತಿರಲಿಲ್ಲವೇ ಎಂದರು. ಗೊತ್ತಿತ್ತು ಎಂದೆ.

ಮತ್ತೆ ಏಕೆ ಬರಲಿಲ್ಲ ಎಂಬಂತೆ ಅವರು ತಲೆಯೆತ್ತಿದರು.

ಅಪ್ಪ ಇನ್ನೂ ನಡೆಯುತ್ತಿರಲಿಲ್ಲ ಎಂದೆ. ಇವತ್ತು ಅದೇ ಪರಿಸ್ಥಿತಿ ಬಂದರೂ ಹಾಗೇ ಮಾಡುತ್ತೇನೆ ಎಂದೂ ಸೇರಿಸಿದೆ. ಪಕ್ಕದಲ್ಲಿ ಕೂತಿದ್ದ ಗಂಡ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಅಧಿಕಾರಿ ಏನನ್ನೋ ಬರೆದುಕೊಂಡರು. ಆ ದಿನಗಳು ಈ ಲೆಕ್ಕದೊಳಗೆ ಬರುವುದಿಲ್ಲ, ಆದರೂ ಕೇಳುವುದು ನನ್ನ ಕೆಲಸ ಎಂದರು. ಕೇಳಿ, ಹೇಳುವುದಕ್ಕೆ ನನಗೆ ನಾಚಿಕೆ ಇಲ್ಲ ಎಂದೆ. ಕಚೇರಿಯ ಮೆಟ್ಟಿಲಿಳಿಯುವಾಗ ಗಂಡ ನನ್ನನ್ನು ಬೈದರು. ಕೆಳಗೆ ಬಂದ ಮೇಲೆ ಕಬ್ಬಿನ ಹಾಲು ಕೊಡಿಸಿದರು.

ಮತ್ತೂ ಒಂದೂವರೆ ವರ್ಷ ಕಾದೆವು. ಹಳೆಯ ಪೌರತ್ವ ಬಿಟ್ಟ ಕಾಗದ ಕೊಡಬೇಕಾಯಿತು. ತಾಂಜಾನಿಯಾದ ಆ ನೀಲಿ ಪಾಸ್‌ಪೋರ್ಟನ್ನು ಒಪ್ಪಿಸುವ ದಿನ ನನಗೆ ಇದ್ದಕ್ಕಿದ್ದಂತೆ ಅಳು ಬಂತು. ಅದೂ ನನ್ನದೇ ಆಗಿತ್ತು, ಅದನ್ನು ತೋರಿಸಿಯೇ ನಾನು ಇಲ್ಲಿಗೆ ಬಂದವಳು. ಪ್ರಮಾಣಪತ್ರ ಕೈಗೆ ಬಂದ ದಿನ ಅಳಲಿಲ್ಲ. ಪ್ರತಿಜ್ಞೆ ಓದಿ, ಸಹಿ ಹಾಕಿ, ಮಧ್ಯಾಹ್ನದ ಊಟದ ಹೊತ್ತಿಗೆ ಕೌಂಟರಿಗೆ ಬಂದು ಕೂತೆ. ಅತ್ತೆ ಎಲ್ಲ ಗಿರಾಕಿಗಳಿಗೂ ಹೆಸರುಬೇಳೆ ಪಾಯಸ ಬಡಿಸಿದರು. ಯಾಕೆಂದು ಕೇಳಿದವರಿಗೆ, ನಮ್ಮ ಸೊಸೆ ಗೆದ್ದಳು ಎಂದಷ್ಟೇ ಹೇಳಿದರು. ಯಾವುದೋ ಪರೀಕ್ಷೆಯಿರಬೇಕು ಎಂದುಕೊಂಡು ಕೆಲವರು ನನಗೆ ಶುಭಾಶಯ ಹೇಳಿದರು.

ಹೊಸ ಪಾಸ್‌ಪೋರ್ಟ್ ಬಂದ ಮೇಲೆ ಅಪ್ಪನನ್ನು ನೋಡಲು ಹೊರಟೆ. ನಾನು ಹುಟ್ಟಿದ ಊರಿಗೆ ಈಗ ನನಗೇ ವೀಸಾ ಬೇಕು. ಎಷ್ಟು ದಿನ ಇರುತ್ತೀರಿ ಎಂಬ ಪ್ರಶ್ನೆ ಅರ್ಜಿಯಲ್ಲಿತ್ತು. ಹೋಟೆಲಿನ ಕೆಲಸ ಬಿಟ್ಟು ಹದಿನೈದು ದಿನಕ್ಕಿಂತ ಹೆಚ್ಚು ಇರಲು ಆಗುವುದಿಲ್ಲ ಎಂದು ಗೊತ್ತಿದ್ದರೂ, ತೊಂಬತ್ತು ಎಂದು ತುಂಬಿದೆ. ಅಷ್ಟು ದಿನ ಅಲ್ಲಿ ಏನು ಮಾಡುತ್ತೀ ಎಂದು ಗಂಡ ಕೇಳಿದರು. ಮಾಡುವುದು ಏನಿಲ್ಲ, ಯಾರೂ ಎಣಿಸುವುದಿಲ್ಲವಲ್ಲ ಎಂದು ಹೇಳಿ ಅರ್ಜಿ ಕಳಿಸಿದೆ.