ಸಾಲಿನಲ್ಲಿದ್ದ ಡಬ್ಬ

ಆ ಡಬ್ಬ ನಜ್ಜುಗುಜ್ಜಾದ ಸದ್ದನ್ನು ಎಷ್ಟೋ ಜನರ ಮುಂದೆ ಬಾಯಲ್ಲಿ ಮಾಡಿ ತೋರಿಸಿದ್ದೇನೆ. ಸಲದಿಂದ ಸಲಕ್ಕೆ ಅದು ದೊಡ್ಡದಾಗುತ್ತ ಬಂದು, ಈಗ ಪಟಾಕಿಯಷ್ಟಾಗಿದೆ. ನಿಜವಾಗಿ ಎಷ್ಟಿತ್ತೋ ನೆನಪಿಲ್ಲ. ಸದ್ದನ್ನು ಬಿಟ್ಟು ಉಳಿದದ್ದನ್ನು ಬರೆಯುತ್ತೇನೆ.

ಐವತ್ತರ ದಶಕದ ನಡುವಿನ ಮಾತು. ರಾಜಾಜಿನಗರದ ಒಂದು ಮಿಡ್ಲ್ ಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಬಡಾವಣೆಯಲ್ಲಿ ಆಗ ಕೆಂಪು ಮಣ್ಣೇ ಹೆಚ್ಚು. ನಡುನಡುವೆ ಕಾರ್ಖಾನೆ ಕೆಲಸಗಾರರ ಸಾಲುಮನೆಗಳು. ವಿಜ್ಞಾನವನ್ನು ಮಾಡಿ ತೋರಿಸಿ ಕಲಿಸಬೇಕು ಎಂದು ಮೇಲಿನಿಂದ ಸುತ್ತೋಲೆ ಬಂದಿತ್ತು. ಸಾಮಾನು ಬಂದಿರಲಿಲ್ಲ. ಉರಿಯುವ ಮೇಣದ ಬತ್ತಿಯ ಮೇಲೆ ಲೋಟ ಬೋರಲು ಹಾಕುವುದು, ನೀರು ತುಂಬಿದ ಲೋಟಕ್ಕೆ ರಟ್ಟು ಮುಚ್ಚಿ ತಲೆಕೆಳಗು ಮಾಡುವುದು, ಇಂಥವೇ ನನ್ನ ಬಂಡವಾಳ. ಒಂದೇ ಆಟವನ್ನು ಮೂರು ಸೆಕ್ಷನ್ನಿಗೆ ಮೂರು ಸಲ ಆಡಬೇಕು. ಮೂರನೆಯ ಸಲವೂ ಮಕ್ಕಳ ಬೆರಗು ಹೊಸದು, ನನ್ನದು ಮುಗಿದಿರುತ್ತಿತ್ತು. ಆದರೂ ಹುಬ್ಬು ಏರಿಸಬೇಕು. ಸಂಜೆ ಹೊತ್ತಿಗೆ ಹಣೆ ನೋಯುತ್ತಿತ್ತು.

ಆ ದಿನ ಮೂರೂ ಸೆಕ್ಷನ್ನನ್ನು ಅಂಗಳದಲ್ಲಿ ಒಟ್ಟಿಗೆ ಕೂರಿಸಿದ್ದೆ. ಒಮ್ಮೆಗೇ ಮುಗಿದುಹೋಗಲಿ ಎಂಬುದೇ ಅದರ ಹಿಂದಿನ ಯೋಚನೆ. ಗಾಳಿಗೆ ಭಾರವಿದೆ ಎಂದು ತೋರಿಸಬೇಕಿತ್ತು. ಎಣ್ಣೆ ಡಬ್ಬದಲ್ಲಿ ಸ್ವಲ್ಪ ನೀರು ಕುದಿಸಿ, ಆವಿಯೊಂದಿಗೆ ಒಳಗಿನ ಗಾಳಿ ಹೊರಗೆ ಹೋದಮೇಲೆ ಉರಿಯಿಂದ ಇಳಿಸಿ ಬಿರಡೆ ಹಾಕಿ, ಮೇಲೆ ತಣ್ಣೀರು ಸುರಿದರೆ ಡಬ್ಬ ತಾನಾಗಿ ಮುದುರುತ್ತದೆ. ಕಲ್ಲು ಹೂಡಿ ಸೌದೆ ಹೊತ್ತಿಸಿದ್ದೆ. ಡಬ್ಬ ಕೊಡುತ್ತೇನೆ ಎಂದಿದ್ದ ಅಂಗಡಿಯವನು ಕೈಕೊಟ್ಟ.

ಸ್ಕೂಲಿನ ಗೇಟಿನ ಎದುರಿಗೇ ಬೀದಿ ನಲ್ಲಿ. ನೀರು ಬರುತ್ತಿದ್ದುದು ಮಧ್ಯಾಹ್ನ, ಅದೂ ಒಂದು ಗಂಟೆ ಹೊತ್ತು. ಹೆಂಗಸರು ಬೆಳಿಗ್ಗೆಯೇ ಒಂದೊಂದು ವಸ್ತು ಇಟ್ಟು ಸಾಲು ಹಿಡಿದು, ಮನೆಗೆಲಸಕ್ಕೆ ಹೋಗುತ್ತಿದ್ದರು. ಒಡೆದ ಮಡಕೆ, ಗುಂಡುಕಲ್ಲು, ಹಳೇ ತಪ್ಪಲೆ. ನೀರು ಬಂದಾಗ ಕೊಡ ತಂದು ತಮ್ಮ ವಸ್ತುವಿನ ಜಾಗದಲ್ಲಿ ನಿಲ್ಲುವರು. ಆ ದಿನ ಸಾಲಿನಲ್ಲಿ ಮೂರನೆಯದಾಗಿ ಒಂದು ಕಡಲೆಕಾಯಿ ಎಣ್ಣೆ ಡಬ್ಬ ನಿಂತಿತ್ತು. ಮೇಲ್ಭಾಗ ಇನ್ನೂ ಕತ್ತರಿಸಿರಲಿಲ್ಲ, ಮೂಲೆಯಲ್ಲಿ ಸಣ್ಣ ತೂತು ಮಾತ್ರ. ನನಗೆ ಬೇಕಾದದ್ದೇ ಅದು.

ಅದು ಸಾಲಿನಲ್ಲಿತ್ತೆಂದು ನನಗೆ ಗೊತ್ತಾಗಲಿಲ್ಲ ಎಂದೇ ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಗೊತ್ತಿತ್ತು. ಡಬ್ಬ ಎತ್ತಿಕೊಂಡು ಅದರ ಜಾಗದಲ್ಲಿ ಒಂದು ಇಟ್ಟಿಗೆ ಇಟ್ಟೆ. ಜಾಗ ಉಳಿಯುತ್ತದೆ, ಸಂಜೆ ಬೇರೆ ಡಬ್ಬ ತಂದುಕೊಟ್ಟರಾಯಿತು ಅಂದುಕೊಂಡೆ. ಎರಡು ವರ್ಷ ಆ ಸಾಲನ್ನು ದಾಟಿಕೊಂಡು ಓಡಾಡಿದವನಿಗೆ ಒಂದು ವಿಷಯ ತಿಳಿದಿರಲಿಲ್ಲ. ಅಲ್ಲಿ ಯಾವ ಕಲ್ಲು ಯಾರದು, ಯಾವ ಮಡಕೆ ಯಾರದು ಎಂದು ಪ್ರತಿಯೊಬ್ಬರಿಗೂ ಗುರುತಿತ್ತು. ಗುರುತಿಲ್ಲದ ಇಟ್ಟಿಗೆ ಬರೀ ಇಟ್ಟಿಗೆ.

ಪ್ರಯೋಗ ಚೆನ್ನಾಗಿಯೇ ಆಯಿತು. ಸ್ಕೂಲಿನ ತೊಟ್ಟಿಯಲ್ಲಿದ್ದ ಕೊನೆಯ ಎರಡು ಬಕೆಟ್ ನೀರನ್ನು ಸುರಿದೆ. ಡಬ್ಬದ ಪಕ್ಕೆಗಳು ಒಳಕ್ಕೆ ಎಳೆದುಕೊಂಡವು, ಡಬ್ಬ ಸೊಂಟ ಮುರಿದವರಂತೆ ಒಂದು ಕಡೆಗೆ ವಾಲಿತು. ಮಕ್ಕಳು ಎದ್ದು ನಿಂತರು. ಹಿಂದಿನ ಸಾಲಿನಿಂದ ಒಬ್ಬ, "ಸಾರ್, ಇನ್ನೊಂದ್ ಸಲ" ಅಂದ.

ಮಕ್ಕಳು ಒಳಗೆ ಹೋಗುತ್ತಿದ್ದಾಗ ಒಬ್ಬಾಕೆ ಬಂದರು. ಮೂವತ್ತರ ಆಸುಪಾಸಿನ ಹೆಂಗಸು, ಕಂಕುಳಲ್ಲಿ ಖಾಲಿ ಕೊಡ. ನೆಲದ ಮೇಲಿದ್ದ ಡಬ್ಬವನ್ನು ನೋಡಿದರು.

"ಇದು ನಮ್ದು."

"ಹೌದಮ್ಮ. ಸಂಜೆ ಬೇರೆ ತಂದ್ಕೊಡ್ತೀನಿ. ನಿಮ್ಮ ಜಾಗಕ್ಕೆ ಇಟ್ಟಿಗೆ ಇಟ್ಟಿದೀನಲ್ಲ."

"ಅದನ್ನ ಯಾರೋ ಆಗಲೇ ಕಾಲಲ್ಲಿ ತಳ್ಳಿದ್ರು ಮೇಷ್ಟ್ರೇ. ನಂದು ಅಂದ್ರೆ ಒಬ್ರೂ ಒಪ್ಪಲ್ಲ. ಕೊನೇಗ್ ಹೋಗು ಅಂತಾರೆ. ಕೊನೇಗೆ ನೀರೆಲ್ಲಿ ಬರತ್ತೆ? ಮನೇಲಿ ಒಂದು ತೊಟ್ಟು ನೀರಿಲ್ಲ. ಅತ್ತೆಗೆ ಜ್ವರ ಬೇರೆ."

ನಾನು ಬಕೆಟ್ ಎತ್ತಿಕೊಂಡು ಅವರ ಜೊತೆ ಹೊರಟೆ. ಮೇಷ್ಟ್ರ ಮಾತಿಗೆ ಬೆಲೆ ಇದೆ ಎಂಬ ನಂಬಿಕೆ. ಸಾಲಿನ ಮುಂದಿದ್ದ ದಪ್ಪನೆಯ ಅಜ್ಜಿಗೆ, ಗಾಳಿಯ ಭಾರ ಡಬ್ಬದ ಮೇಲೆ ಕೂತದ್ದನ್ನೂ ಸೇರಿಸಿ, ಎಲ್ಲವನ್ನೂ ವಿವರಿಸಿದೆ. ಆಕೆ ಕೊಡ ತುಂಬುವುದನ್ನು ನಿಲ್ಲಿಸಲಿಲ್ಲ.

"ಏನ್ ಮೇಷ್ಟ್ರೇ, ಗಾಳೀನ ಕೂರ್ಸೋಕೆ ಇವಳ ಡಬ್ಬಾನೇ ಬೇಕಿತ್ತಾ? ಮಣೆ ಇರಲಿಲ್ವಾ ನಿಮ್ಮ ಸ್ಕೂಲಲ್ಲಿ?"

ಸಾಲು ನಕ್ಕಿತು. "ತಪ್ಪು ನಂದು ಅಜ್ಜಿ, ಅವರದಲ್ಲ" ಅಂದೆ.

"ಹಂಗಾದ್ರೆ ನೀವೇ ನಿಂತ್ಕಳಿ, ಕೊನೇಲಿ."

ನಿಂತೆ. ಆಕೆಯನ್ನು ಅತ್ತೆಯ ಹತ್ತಿರ ಕಳಿಸಿದೆ. ಸ್ಕೂಲಿನ ಬೆಲ್ಲು ಹೊಡೆಯಿತು. ಮುಂದಿನ ಪೀರಿಯಡ್ ನನ್ನದೇ. ಕಿಟಕಿಯಿಂದ ಮಕ್ಕಳು ಇಣುಕುತ್ತಿದ್ದರು. ಇದೂ ಒಂದು ಪ್ರಯೋಗ ಎಂದುಕೊಂಡರೋ ಏನೋ. ನನ್ನ ಸರದಿ ಬರುವ ಹೊತ್ತಿಗೆ ಧಾರೆ ದಾರದಷ್ಟಾಗಿತ್ತು. ಅರ್ಧ ಬಕೆಟ್ ತುಂಬಿತು, ಆಮೇಲೆ ನಲ್ಲಿ ಬುಸುಗುಟ್ಟಿ ಗಾಳಿ ಬಿಟ್ಟಿತು.

ಅರ್ಧ ಬಕೆಟ್ಟನ್ನು ಆಕೆಯ ಮನೆಗೆ ಒಯ್ದುಕೊಟ್ಟೆ. ಆಕೆ ಒಂದು ಲೋಟ ನೀರನ್ನು ಒಲೆಯ ಮೇಲಿಟ್ಟು, ಉಳಿದದ್ದನ್ನು ಹಂಡೆಗೆ ಸುರಿದುಕೊಂಡು, ಬಕೆಟ್ ವಾಪಸು ಕೊಟ್ಟರು. ಬೈಯುತ್ತಾರೆ ಎಂದು ಕಾದೆ. ಆಕೆಗೆ ಅದಕ್ಕೂ ತ್ರಾಣವಿರಲಿಲ್ಲ ಎಂದು ಕಾಣುತ್ತದೆ.

"ಡಬ್ಬಾನ ಗಾಳೀನೇ ಅಮುಕಿದ್ದಾ, ಮೇಷ್ಟ್ರೇ? ಹುಡುಗರು ಹಂಗಂತಿದ್ರು."

"ಹೌದಮ್ಮ."

"ಅಷ್ಟು ಭಾರ ಇದ್ರೆ ನಮ್ಮನ್ನ ಯಾಕೆ ಹಂಗ್ ಮಾಡಲ್ಲ?"

ಆ ಇಡೀ ವರ್ಷ ಯಾವ ಮಗುವೂ ಆ ಪ್ರಶ್ನೆ ಕೇಳಿರಲಿಲ್ಲ. ನಮ್ಮ ಮೈಯೊಳಗೂ ಅಷ್ಟೇ ಒತ್ತಡವಿದೆ, ಅದು ಹೊರಗಿನದನ್ನು ತಡೆದು ನಿಲ್ಲಿಸುತ್ತದೆ ಎಂದು ನಾನು ಅಲ್ಲೇ ನಿಂತು ವಿವರಿಸಿದಂತೆ ಈ ಕಥೆಯನ್ನು ಮುಗಿಸುವ ರೂಢಿ ನನಗಿದೆ. ಕೇಳಿದವರಿಗೆ ಅದು ಹಿಡಿಸುತ್ತದೆ. ನಾನು ಅಂದದ್ದು ಇಷ್ಟೇ: "ಕ್ಲಾಸಿದೆ, ಆಮೇಲೆ ಹೇಳ್ತೀನಿ."

ಸಂಜೆ ಬೇರೆ ಡಬ್ಬ ಕೊಂಡು, ಮುದುರಿದ್ದನ್ನೂ ಜೊತೆಗೆ ಅವರ ಮನೆಗೆ ಒಯ್ದು ಕೊಟ್ಟೆ. ಬಾಗಿಲಿಗೆ ಬಂದವರು ಅವರ ಯಜಮಾನರು, ಆಕೆಯಲ್ಲ. ಡಬ್ಬದ ಹಾಗೆ ಆಕೆಯ ಪ್ರಶ್ನೆಯ ಉತ್ತರವನ್ನೂ ಯಜಮಾನರ ಕೈಗೆ ಕೊಟ್ಟು ಬರಲಾಗಲಿಲ್ಲ.

ಮರುದಿನ ಬೆಳಿಗ್ಗೆ ಸಾಲಿನಲ್ಲಿ ಮೊದಲನೆಯದಾಗಿ ನಿಂತಿದ್ದುದು ಆ ಮುದುರಿದ ಡಬ್ಬ. ಹೊಸದನ್ನು ಆಕೆ ಮನೆಯಲ್ಲೇ ಇಟ್ಟುಕೊಂಡಿದ್ದರು. ಇದನ್ನು ಇನ್ನು ಯಾರೂ ಎತ್ತಿಕೊಂಡು ಹೋಗುವಂತಿರಲಿಲ್ಲ, ಯಾರದು ಎಂದು ಕೇಳುವಂತೆಯೂ ಇರಲಿಲ್ಲ. ನಾನು ಬೇರೆ ಸ್ಕೂಲಿಗೆ ವರ್ಗವಾಗಿ ಹೋಗುವವರೆಗೂ ಅದು ಅಲ್ಲಿ ನಿಲ್ಲುತ್ತಿತ್ತು. ಗೇಟಿನೊಳಗೆ ಹೋಗುವಾಗ ಅದನ್ನು ಸುತ್ತಿಕೊಂಡು ಹೋಗುತ್ತಿದ್ದೆ. ಆಮೇಲೆ ಮೂರು ಸೆಕ್ಷನ್ನು, ಮೂರು ಸಲ ಹುಬ್ಬು ಏರಿಸುವುದು.